ಮೈಲೇಜ್ ಕೊಡುವ ಡೀಸೆಲ್ ಪಿಕಪ್ ಅಮೆರಿಕದಲ್ಲಿ ಒಂದೇ ಉಳಿದದ್ದು ಯಾಕೆ? ಷೆವರ್ಲೆ ಸಿಲ್ವರಾಡೊ 1500, 3.0 ಡ್ಯುರಾಮ್ಯಾಕ್ಸ್ ವಿಮರ್ಶೆ

ಅಮೆರಿಕದಲ್ಲಿ ಹೊಸ ಪಿಕಪ್ ಕೊಳ್ಳಬೇಕು, ಅದು ಡೀಸೆಲ್ ಆಗಿರಬೇಕು, ಮೈಲೇಜೂ ಕೊಡಬೇಕು ಎಂದು ಹೊರಟವರಿಗೆ ಈಗ ಸಿಗುವುದು ಒಂದೇ ಎಂಜಿನ್: ಜನರಲ್ ಮೋಟರ್ಸ್‌ನ 3.0 ಲೀಟರ್ ಡ್ಯುರಾಮ್ಯಾಕ್ಸ್. ಷೆವರ್ಲೆ ಸಿಲ್ವರಾಡೊ 1500ರಲ್ಲೂ ಅದರ ಅವಳಿ ಜಿಎಂಸಿ ಸಿಯೆರಾ 1500ರಲ್ಲೂ ಇದು ಬರುತ್ತದೆ. ಇದಕ್ಕೆ ಎದುರಾಳಿಗಳು ಇದ್ದರು. ಫೋರ್ಡ್ ಎಫ್-150ರ 3.0 ಪವರ್ ಸ್ಟ್ರೋಕ್ 2018ರಲ್ಲಿ ಬಂದು 2021ಕ್ಕೆ ನಿಂತಿತು. ರ‍್ಯಾಮ್ 1500ರ 3.0 ಇಕೊಡೀಸೆಲ್ 2014ರ ಮಾಡೆಲ್‌ನಿಂದ ಶುರುವಾಗಿ 2023ರ ಆರಂಭದಲ್ಲಿ ಮುಗಿಯಿತು. ಚಿಕ್ಕ ಪಿಕಪ್‌ಗಳಲ್ಲಿ ಷೆವರ್ಲೆ ಕೊಲರಾಡೊದ 2.8 ಡೀಸೆಲ್‌ಗೆ 2022 ಕೊನೆಯ ವರ್ಷ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಎಂಜಿನ್ ನಿಜಕ್ಕೂ ಒಳ್ಳೆಯದು. ದೂರದ ಹೈವೇ ಓಡಾಟ ಮತ್ತು ಟ್ರೇಲರ್ ಎಳೆಯುವ ಕೆಲಸಕ್ಕೆ ಈ ಗಾತ್ರದ ಟ್ರಕ್‌ಗಳಲ್ಲಿ ಇದಕ್ಕಿಂತ ಮೇಲಾದದ್ದು ನಮಗೆ ಕಾಣಿಸುವುದಿಲ್ಲ. ದಿನಕ್ಕೆ ಹತ್ತು ಮೈಲಿಯ ಪೇಟೆ ಓಡಾಟಕ್ಕೆ ಮಾತ್ರ ಬೇಡವೇ ಬೇಡ. ಯಾಕೆ ಹೀಗೆ ಎಂಬುದಕ್ಕೂ, ಉಳಿದ ಡೀಸೆಲ್‌ಗಳು ಯಾಕೆ ಮಾಯವಾದವು ಎಂಬುದಕ್ಕೂ ಉತ್ತರ ಒಂದೇ ಕಡೆ ಇದೆ: ಎಂಜಿನ್‌ನಿಂದ ಸೈಲೆನ್ಸರ್ ತುದಿಯವರೆಗಿನ ಕೊಳವೆಯಲ್ಲಿ.

ಮೊದಲು ಎಂಜಿನ್. ಸಾಲಾಗಿ ಆರು ಸಿಲಿಂಡರ್, 2,992 ಸಿಸಿ, 84 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, ಕಬ್ಬಿಣದ ಲೈನರ್ ಇರುವ ಅಲ್ಯೂಮಿನಿಯಂ ಬ್ಲಾಕ್. 2020ರ ಮಾಡೆಲ್‌ನೊಂದಿಗೆ ಬಂದ ಮೊದಲ ಆವೃತ್ತಿಯ ಹೆಸರು ಎಲ್‌ಎಂ2. ಅದರದ್ದು 277 ಅಶ್ವಶಕ್ತಿ, 460 ಪೌಂಡ್-ಅಡಿ ಟಾರ್ಕ್, ಅದೂ ಬರೀ 1,500 ಆರ್‌ಪಿಎಂನಲ್ಲಿ. 2023ರಿಂದ ಬರುತ್ತಿರುವ ಎಲ್‌ಝಡ್0 ಆವೃತ್ತಿಯಲ್ಲಿ ಅದು 305 ಮತ್ತು 495ಕ್ಕೆ ಏರಿದೆ. ಜತೆಗೆ ಹತ್ತು ಗೇರಿನ ಆಟೊಮ್ಯಾಟಿಕ್. ಡೀಸೆಲ್ ಎಂದ ಕೂಡಲೇ ನೆನಪಾಗುವ ಕಟಕಟ ಸದ್ದು ಕ್ಯಾಬಿನ್ ಒಳಗೆ ಬಹುತೇಕ ಕೇಳಿಸುವುದಿಲ್ಲ. ನಡುಕವೂ ಕಡಿಮೆ; ಸಾಲು-ಆರು ಎಂಜಿನ್‌ಗೆ ಹುಟ್ಟಿನಿಂದಲೇ ಇರುವ ಸಮತೋಲನ ಅದಕ್ಕೆ ಕಾರಣ. ವಿ6ಗಳಲ್ಲಿ ಇರುವ ನಡುಕವನ್ನು ಇಲ್ಲಿ ಅಡಗಿಸುವ ಕಷ್ಟವೇ ಇಲ್ಲ.

ಮೈಲೇಜ್ ವಿಷಯ. 2020ರ ಟೂ-ವೀಲ್ ಡ್ರೈವ್ ಸಿಲ್ವರಾಡೊಗೆ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಕೊಟ್ಟ ಅಂಕಿ ಗ್ಯಾಲನ್‌ಗೆ ಪೇಟೆಯಲ್ಲಿ 23 ಮೈಲಿ, ಹೈವೇಯಲ್ಲಿ 33, ಒಟ್ಟಾರೆ 27. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಪೇಟೆಯಲ್ಲಿ ಹತ್ತರ ಹತ್ತಿರ, ಹೈವೇಯಲ್ಲಿ 14, ಒಟ್ಟಾರೆ 11.5 ಕಿ.ಮೀ. ಎರಡು ಟನ್‌ಗೂ ಮೀರಿದ ಗಾಡಿಗೆ ಇದು ದೊಡ್ಡ ಮಾತು. ಫೋರ್-ವೀಲ್ ಡ್ರೈವ್ ಸೇರಿದರೆ, ದಪ್ಪ ಕಚ್ಚಿನ ಆಫ್-ರೋಡ್ ಟೈರ್ ಬಂದರೆ ಹೈವೇ ಅಂಕಿ ಸರ್ರನೆ ಇಳಿಯುತ್ತದೆ. ಕಿಟಕಿಯ ಸ್ಟಿಕ್ಕರ್ ಓದುವಾಗ ನಿಮಗೆ ಬೇಕಾದ ನಿಖರ ಮಾದರಿಯದ್ದನ್ನೇ ಓದಿ. ಜಾಹೀರಾತಿನಲ್ಲಿ ಬರುವುದು ಯಾವಾಗಲೂ ಅತ್ಯುತ್ತಮ ಅಂಕಿ.

ಎಳೆಯುವ ಶಕ್ತಿಗೂ ಇದೇ ಎಚ್ಚರಿಕೆ ಬೇಕು. ಸರಿಯಾದ ಪ್ಯಾಕೇಜ್ ಇದ್ದರೆ ಈ ಡೀಸೆಲ್ 13,300 ಪೌಂಡ್ ಎಳೆಯಬಲ್ಲದು ಎಂದು ಕಂಪನಿ ಹೇಳುತ್ತದೆ. ಆದರೆ ಬಹುಪಾಲು ಟ್ರಕ್‌ಗಳು ಆ ಅಂಕಿ ಮುಟ್ಟುವ ಮೊದಲೇ ಪೇಲೋಡ್ ಮಿತಿ, ಅಂದರೆ ಗಾಡಿ ತನ್ನ ಮೈಮೇಲೆ ಹೊರಬಹುದಾದ ತೂಕದ ಮಿತಿ, ಮುಟ್ಟಿಬಿಡುತ್ತವೆ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಕೂರುತ್ತದೆ. 8,000 ಪೌಂಡಿನ ಟ್ರೇಲರ್ ಎಂದರೆ 800ರಿಂದ 1,200 ಪೌಂಡ್ ಹಿಂಭಾಗದ ಮೇಲೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ-ಬಿಳಿ ಸ್ಟಿಕ್ಕರ್‌ನ ಪೇಲೋಡ್‌ನಿಂದ ಇದನ್ನು ಕಳೆಯಿರಿ, ಒಳಗೆ ಕೂರುವವರ ತೂಕವನ್ನೂ ಕಳೆಯಿರಿ. ಉಳಿದದ್ದೇ ನಿಮ್ಮ ಸಾಮಾನಿಗೆ. ಡೀಸೆಲ್ ಎಂಜಿನ್ ಭಾರ ಹೆಚ್ಚಾದ್ದರಿಂದ ಈ ಸ್ಟಿಕ್ಕರ್‌ನ ಅಂಕಿ ಪೆಟ್ರೋಲ್ ಟ್ರಕ್‌ಗಿಂತ ಕಡಿಮೆಯೇ ಇರುವುದು ವಾಡಿಕೆ.

ಈ ಎಂಜಿನ್‌ನ ಒಂದು ಭಾಗವನ್ನು ಹತ್ತಿರದಿಂದ ನೋಡಲೇಬೇಕು. ಆಯಿಲ್ ಪಂಪ್ ಓಡುವುದು ಒಂದು ಬೆಲ್ಟ್‌ನಿಂದ. ಆ ಬೆಲ್ಟ್ ಇರುವುದು ಎಂಜಿನ್‌ನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಕಡೆ, ಕವರ್ ಒಳಗೆ, ಎಣ್ಣೆಯಲ್ಲೇ ನೆನೆಯುತ್ತ. ಎಲ್‌ಎಂ2ರಲ್ಲಿ 1,50,000 ಮೈಲಿಗೆ ಬದಲಿಸಬೇಕು. ಎಲ್‌ಝಡ್0ರಲ್ಲಿ ಈ ಅವಧಿ 2,00,000 ಮೈಲಿ. ಬೆಲ್ಟ್ ಕೈಗೆ ಸಿಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಫೋರ್-ವೀಲ್ ಡ್ರೈವ್ ಆದರೆ ಟ್ರಾನ್ಸ್‌ಫರ್ ಕೇಸ್ ಕೂಡ, ಆಮೇಲೆ ಫ್ಲೆಕ್ಸ್‌ಪ್ಲೇಟ್, ಆಮೇಲೆ ಕವರ್. ಬೆಲ್ಟ್‌ಗೆ ತೆರುವ ಹಣ ಅಲ್ಪ, ಕೂಲಿಯೇ ಅಪಾರ. ಅದನ್ನು ಮುಂದೂಡಿ ಬೆಲ್ಟ್ ತುಂಡಾಯಿತೋ, ಆಯಿಲ್ ಒತ್ತಡ ಸೊನ್ನೆಗೆ ಬಂದು ಬೇರಿಂಗ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹಾಗಾಗಿ 1,30,000 ಮೈಲಿ ಓಡಿದ ಎಲ್‌ಎಂ2 ಟ್ರಕ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಈ ಕೆಲಸದ ಕೊಟೇಶನ್ ಒಂದನ್ನು ಬರೆಸಿಕೊಳ್ಳಿ. ಎಣ್ಣೆಯಲ್ಲಿ ನೆನೆಯುವ ಬೆಲ್ಟ್ ಆದ್ದರಿಂದ ಯಾವ ಎಣ್ಣೆ ಎನ್ನುವುದೂ ಮುಖ್ಯ: ಜನರಲ್ ಮೋಟರ್ಸ್‌ನದೇ ಡೆಕ್ಸೋಸ್-ಡಿ ಪ್ರಮಾಣದ 0ಡಬ್ಲ್ಯೂ-20, 7 ಕ್ವಾರ್ಟ್, ಅಂದರೆ ಸುಮಾರು 6.6 ಲೀಟರ್. ‘ಡೀಸೆಲ್‌ಗೆ ಗಟ್ಟಿ ಎಣ್ಣೆಯೇ ಸರಿ’ ಎಂದು 15ಡಬ್ಲ್ಯೂ-40 ಸುರಿಯುವ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಇಷ್ಟು ಒಳ್ಳೆಯ ಎಂಜಿನ್‌ಗೆ ಜತೆಗಾರರೇ ಇಲ್ಲದಂತಾದದ್ದು ಹೇಗೆ? ಇಲ್ಲಿಂದ ಸೈಲೆನ್ಸರ್ ಕೊಳವೆಯ ಕಡೆ ಬರಬೇಕು.

ಪೆಟ್ರೋಲ್ ಎಂಜಿನ್ ಗಾಳಿಯನ್ನೂ ಇಂಧನವನ್ನೂ ಅಳೆದು ತೂಗಿ ಸುಡುತ್ತದೆ. ಹೊಗೆಯಲ್ಲಿ ಆಮ್ಲಜನಕ ಬಹುತೇಕ ಉಳಿಯುವುದಿಲ್ಲ. ಆದ್ದರಿಂದ ಒಂದೇ ತ್ರೀ-ವೇ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್, ಸುಡದ ಇಂಧನ, ನೈಟ್ರೋಜನ್ ಆಕ್ಸೈಡ್ ಈ ಮೂರೂ ವಿಷಗಳು ಕಳೆಯುತ್ತವೆ. ಡೀಸೆಲ್ ಸುಡುವುದು ಧಾರಾಳ ಗಾಳಿಯಲ್ಲಿ. ಅದರ ಮೈಲೇಜ್‌ಗೆ ಕಾರಣಗಳಲ್ಲಿ ಅದೂ ಒಂದು. ಆದರೆ ಹೊಗೆಯಲ್ಲಿ ಆಮ್ಲಜನಕ ತುಂಬಿರುವುದರಿಂದ ನೈಟ್ರೋಜನ್ ಆಕ್ಸೈಡ್‌ಗಳನ್ನು, ಅಂದರೆ ನಾಕ್ಸ್ ಅನ್ನು, ಆ ಕನ್ವರ್ಟರ್ ಒಡೆಯಲಾರದು. ಜತೆಗೆ ಮಸಿ ಬೇರೆ. ಮಸಿ ಕಡಿಮೆ ಮಾಡಲು ಬಿಸಿಯಾಗಿ ಸುಟ್ಟರೆ ನಾಕ್ಸ್ ಹೆಚ್ಚುತ್ತದೆ, ನಾಕ್ಸ್ ಇಳಿಸಲು ತಣ್ಣಗೆ ಸುಟ್ಟರೆ ಮಸಿ ಹೆಚ್ಚುತ್ತದೆ.

ಅದಕ್ಕೇ ಈಗಿನ ಡೀಸೆಲ್ ಕೊಳವೆಯಲ್ಲಿ ಒಂದು ಸಣ್ಣ ರಸಾಯನ ಕಾರ್ಖಾನೆಯೇ ಇದೆ. ಹೊಗೆಯ ಒಂದು ಪಾಲನ್ನು ತಂಪಾಗಿಸಿ ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮತ್ತು ಕೂಲರ್. ಆಕ್ಸಿಡೇಶನ್ ಕ್ಯಾಟಲಿಸ್ಟ್. ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್. ಯೂರಿಯಾ ದ್ರಾವಣ ಚಿಮುಕಿಸಿ ನಾಕ್ಸ್ ಅನ್ನು ಸಾರಜನಕ ಮತ್ತು ನೀರಾಗಿ ಒಡೆಯುವ ಎಸ್‌ಸಿಆರ್. ಆ ದ್ರಾವಣಕ್ಕೆ, ಅಂದರೆ ಡಿಇಎಫ್‌ಗೆ, ಪ್ರತ್ಯೇಕ ಟ್ಯಾಂಕ್, ಪಂಪ್, ಇಂಜೆಕ್ಟರ್. ಡಿಇಎಫ್ ಎಂದರೆ ಶೇ. 32.5 ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಟ್ಯಾಂಕ್‌ಗೆ ಹೀಟರ್ ಕೂಡ ಬೇಕು. ಇವಿಷ್ಟರ ಮೇಲೆ ಕಣ್ಣಿಡಲು ನಾಕ್ಸ್ ಸೆನ್ಸರ್‌ಗಳು, ಶಾಖದ ಸೆನ್ಸರ್‌ಗಳು, ಒತ್ತಡದ ಸೆನ್ಸರ್‌ಗಳು.

ಡೀಸೆಲ್ ಪಿಕಪ್ ಅಮೆರಿಕದಲ್ಲಿ ಅಪರೂಪವಾದದ್ದರ ಗುಟ್ಟು ಇಲ್ಲೇ ಇದೆ. 2 ಲೀಟರ್ ಎಂಜಿನ್ ಆಗಲಿ, 6.7 ಲೀಟರ್ ಎಂಜಿನ್ ಆಗಲಿ, ಈ ಸರಂಜಾಮಿನ ಪಟ್ಟಿ ಹೆಚ್ಚುಕಡಿಮೆ ಅದೇ. ಫಿಲ್ಟರ್ ಕೊಂಚ ಚಿಕ್ಕದಾಗಬಹುದು. ಸೆನ್ಸರ್, ಪಂಪ್, ಹೀಟರ್, ಪ್ರಮಾಣೀಕರಣದ ಪರೀಕ್ಷೆ ಯಾವುದೂ ಚಿಕ್ಕದಾಗುವುದಿಲ್ಲ. ದುಬಾರಿ ದೊಡ್ಡ ಟ್ರಕ್‌ನ ಬೆಲೆಯಲ್ಲಿ ಈ ಖರ್ಚು ಕರಗಿಹೋಗುತ್ತದೆ, ಅಗ್ಗದ ಚಿಕ್ಕ ಟ್ರಕ್‌ನಲ್ಲಿ ಎದ್ದು ಕಾಣುತ್ತದೆ. ಮೈಲೇಜ್‌ನಿಂದ ಹೆಚ್ಚು ಲಾಭವಾಗಬೇಕಾದ ಚಿಕ್ಕ ಟ್ರಕ್‌ಗೇ ಹೊರೆ ಹೆಚ್ಚು. ಎಫ್-250, ರ‍್ಯಾಮ್ 2500, ಸಿಲ್ವರಾಡೊ 2500ರಂಥ ಭಾರಿ ಟ್ರಕ್‌ಗಳಲ್ಲಿ ಡೀಸೆಲ್ ಇವತ್ತಿಗೂ ಭರಪೂರ ಸಿಗುವುದು ಇದೇ ಕಾರಣಕ್ಕೆ. ಅವುಗಳ ಒಟ್ಟು ಭಾರಮಿತಿ 8,500 ಪೌಂಡ್ ದಾಟುವುದರಿಂದ ಹೊಗೆಯ ನಿಯಮಗಳೇ ಬೇರೆ. ಮೈಲೇಜ್ ಸ್ಟಿಕ್ಕರ್ ಅಂಟಿಸುವ ಕಡ್ಡಾಯವೂ ಇಲ್ಲ. ಎಂಜಿನ್ ತಯಾರಕ ಕಂಪನಿ ಕಮಿನ್ಸ್‌ನ 5.0 ವಿ8 ಡೀಸೆಲ್ ಹೊತ್ತು 2016ರಲ್ಲಿ ಬಂದ ನಿಸ್ಸಾನ್ ಟೈಟನ್ ಎಕ್ಸ್‌ಡಿ ಕೂಡ ಇದೇ ಗೆರೆಯ ಆಚೆಗಿನದು. ಮೈಲೇಜ್‌ಗಾಗಿ ಅದನ್ನು ಕೊಂಡವರು ಕಡಿಮೆ.

ನಿಯಮದ ಬಿಗಿ ಎಷ್ಟಿತ್ತು ನೋಡಿ. ಅಮೆರಿಕದ ಟಿಯರ್ 2 ನಿಯಮದ ಬಿನ್ 5 ಮಟ್ಟದಲ್ಲಿ ನಾಕ್ಸ್ ಮಿತಿ ಮೈಲಿಗೆ 0.07 ಗ್ರಾಂ, ಕಿ.ಮೀ.ಗೆ ಸುಮಾರು 44 ಮಿಲಿಗ್ರಾಂ. ಅದೇ ಕಾಲದ ಯೂರೋ 5ರಲ್ಲಿ ಡೀಸೆಲ್ ಕಾರಿಗೆ 180 ಮಿಲಿಗ್ರಾಂ ತನಕ ಬಿಡುತ್ತಿದ್ದರು. ಯೂರೋ 6 ಬಂದ ಮೇಲೂ 80. ಪೆಟ್ರೋಲ್‌ಗೊಂದು, ಡೀಸೆಲ್‌ಗೊಂದು ಮಿತಿ ಇಟ್ಟದ್ದು ಯೂರೋಪ್. ಅಮೆರಿಕ ಎರಡಕ್ಕೂ ಒಂದೇ ಗೆರೆ ಎಳೆಯಿತು. ಮುಂದೆ ಬಂದ ಟಿಯರ್ 3 ಅದನ್ನೂ ಬಿಗಿಗೊಳಿಸಿ, 2025ರ ಹೊತ್ತಿಗೆ ನಾಕ್ಸ್ ಮತ್ತು ಹೈಡ್ರೋಕಾರ್ಬನ್ ಕೂಡಿಸಿ ಕಂಪನಿಯ ಸರಾಸರಿ ಮೈಲಿಗೆ 30 ಮಿಲಿಗ್ರಾಂಗೆ ಇಳಿಯಬೇಕು ಎಂದಿತು. ಲಾಸ್ ಏಂಜಲೀಸ್‌ನಂಥ ಊರಿನ ಮಬ್ಬುಗಾಳಿಯಲ್ಲಿ ನಾಕ್ಸ್‌ನ ಪಾಲು ದೊಡ್ಡದು. ಈ ಕಟ್ಟುನಿಟ್ಟು ವಿನಾಕಾರಣದ್ದಲ್ಲ ಎಂಬುದನ್ನು ಡೀಸೆಲ್ ಮೆಚ್ಚುವವರೂ ಒಪ್ಪಬೇಕು.

ಇದಕ್ಕಿಂತ ಹಳೆಯ ಅಡ್ಡಿ ಕೋಳಿ ಸುಂಕ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹಾಕಿದವು. ಸೇಡಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಲಘು ಟ್ರಕ್‌ಗಳಿಗೆ ಶೇ. 25 ಸುಂಕ ವಿಧಿಸಿದರು. ಉಳಿದವುಗಳ ಸುಂಕ ಹೋಯಿತು, ಟ್ರಕ್‌ನದು ಉಳಿಯಿತು. ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್, ಮಿತ್ಸುಬಿಷಿ ಎಲ್200 ಪಿಕಪ್‌ಗಳು ಥಾಯ್ಲೆಂಡ್‌ನಂಥ ಕಡೆ ತಯಾರಾಗಿ ಲೋಕವೆಲ್ಲ ಓಡಾಡಿದರೂ ಅಮೆರಿಕದ ಬಂದರಿಗೆ ಬರದಿರಲು ಇದೊಂದೇ ಸಾಕು. ಸುಂಕ ತಪ್ಪಿಸಬೇಕೆಂದರೆ ಅಲ್ಲೇ ಕಾರ್ಖಾನೆ ಹಾಕಬೇಕು. ಕಾರ್ಖಾನೆ ಹಾಕುವಷ್ಟು ಗಿರಾಕಿ ಚಿಕ್ಕ ಡೀಸೆಲ್‌ಗೆ ಇದ್ದಾರೆಂದು ಯಾರೂ ಪಣ ಕಟ್ಟಲಿಲ್ಲ. ಹಳೆಯದನ್ನು ತರಿಸಿಕೊಳ್ಳೋಣ ಎಂದರೆ ಸುರಕ್ಷತಾ ನಿಯಮಕ್ಕೆ ಒಗ್ಗದ ಗಾಡಿಗೆ 25 ವರ್ಷ ತುಂಬಿರಬೇಕು.

ಹಾಗೆಂದು ಚಿಕ್ಕ ಡೀಸೆಲ್ ಅಲ್ಲಿ ಇರಲೇ ಇಲ್ಲ ಎಂದಲ್ಲ. 1980ರ ದಶಕದ ಮೊದಲ ಅರ್ಧದಲ್ಲಿ ಟೊಯೊಟಾ, ಡಾಟ್ಸನ್, ಇಸುಜು, ಫೋರ್ಡ್ ರೇಂಜರ್ ಎಲ್ಲದರಲ್ಲೂ ಡೀಸೆಲ್ ಸಿಗುತ್ತಿತ್ತು. ಫೋಕ್ಸ್‌ವ್ಯಾಗನ್ ಪೆನ್ಸಿಲ್ವೇನಿಯದಲ್ಲೇ ಡೀಸೆಲ್ ಪಿಕಪ್ ತಯಾರಿಸುತ್ತಿತ್ತು. 1986ರಲ್ಲಿ ಕಚ್ಚಾತೈಲದ ಬೆಲೆ ಕುಸಿಯಿತು, ಮೈಲೇಜ್ ಕೇಳುವವರು ಕರಗಿದರು. ಅಷ್ಟರಲ್ಲಿ ಓಲ್ಡ್ಸ್‌ಮೊಬೀಲ್‌ನ 5.7 ವಿ8 ಡೀಸೆಲ್, 1978ರಿಂದ 1985ರವರೆಗೆ, ಜನರ ನಂಬಿಕೆಯನ್ನು ಕೆಡಿಸಿಬಿಟ್ಟಿತ್ತು. ಡೀಸೆಲ್‌ನ ಹೆಚ್ಚಿನ ಒತ್ತಡಕ್ಕೆ ಸಾಲದ ಹೆಡ್ ಬೋಲ್ಟ್‌ಗಳು, ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದ ಇಂಧನ ವ್ಯವಸ್ಥೆ. ಹೆಡ್ ಗ್ಯಾಸ್ಕೆಟ್ ಹೋಗುವುದು, ಇಂಜೆಕ್ಷನ್ ಪಂಪ್ ತುಕ್ಕು ಹಿಡಿಯುವುದು ಮಾಮೂಲಾಗಿತ್ತು.

ಕಂಪನಿಗಳಿಗೆ ಮೈಲೇಜ್ ಗುರಿ ಇಡುವ ಕಾನೂನೇ ಡೀಸೆಲ್‌ನ ಕೈ ಹಿಡಿಯಬೇಕಿತ್ತಲ್ಲ ಎಂದು ಕೇಳಬಹುದು. ಹಿಡಿಯಲಿಲ್ಲ. ಆ ಕಾನೂನು ಈಗ ಗಾಡಿಯ ನೆರಳನ್ನು ಅಳೆಯುತ್ತದೆ: ವೀಲ್‌ಬೇಸ್ ಗುಣಿಸು ಚಕ್ರಗಳ ನಡುವಿನ ಅಗಲ. ನೆರಳು ದೊಡ್ಡದಾದಷ್ಟೂ ಗುರಿ ಸಡಿಲ. ಚಿಕ್ಕ ಪಿಕಪ್ ಮಾಡಿದವನಿಗೆ ಕಠಿಣ ಗುರಿ, ದೊಡ್ಡದು ಮಾಡಿದವನಿಗೆ ಸುಲಭದ ಗುರಿ. ಇನ್ನೊಂದು ಕಡೆ ಇಪಿಎ ಅಳೆಯುತ್ತ ಬಂದದ್ದು ಇಂಗಾಲದ ಡೈಆಕ್ಸೈಡ್. ಒಂದು ಗ್ಯಾಲನ್ ಪೆಟ್ರೋಲ್ ಸುಟ್ಟರೆ 8.89 ಕಿಲೊ, ಡೀಸೆಲ್ ಸುಟ್ಟರೆ 10.18 ಕಿಲೊ. ಡೀಸೆಲ್ ದಟ್ಟ ಇಂಧನ. ಅದರ ಮೈಲೇಜ್‌ನ ಒಂದು ಪಾಲು ಬರೀ ಆ ದಟ್ಟಣೆಯದ್ದು. ಹಾಗಾಗಿ 27 ಮೈಲಿ ಕೊಡುವ ನಮ್ಮ ಡ್ಯುರಾಮ್ಯಾಕ್ಸ್, ಇಂಗಾಲದ ಲೆಕ್ಕದಲ್ಲಿ 23.6 ಮೈಲಿ ಕೊಡುವ ಪೆಟ್ರೋಲ್ ಟ್ರಕ್‌ಗೆ ಸಮ. ಕಂಪನಿಗೆ ಹೈಬ್ರಿಡ್ ಮೇಲೆ ಹಣ ಹಾಕಿದರೆ ಸಿಗುವ ಲಾಭ ಇದರಲ್ಲಿ ಸಿಗುವುದಿಲ್ಲ.

ಕೊಳ್ಳುವವರ ಜೇಬಿನ ಲೆಕ್ಕವೂ ಹೀಗೇ. ಫೆಡರಲ್ ತೆರಿಗೆಯೇ ಪೆಟ್ರೋಲ್‌ಗೆ ಗ್ಯಾಲನ್‌ಗೆ 18.4 ಸೆಂಟ್, ಡೀಸೆಲ್‌ಗೆ 24.4. ಅಲ್ಲಿನ ರಿಫೈನರಿಗಳು ಪೆಟ್ರೋಲ್ ಹೆಚ್ಚು ತೆಗೆಯುವಂತೆ ಕಟ್ಟಿದವು; 42 ಗ್ಯಾಲನ್‌ನ ಒಂದು ಬ್ಯಾರೆಲ್‌ನಿಂದ 19–20 ಗ್ಯಾಲನ್ ಪೆಟ್ರೋಲ್ ಬಂದರೆ ಡೀಸೆಲ್ ಜಾತಿಯದ್ದು 11–13. ಆ ಡೀಸೆಲ್‌ಗೆ ಲಾರಿ, ರೈಲು, ಟ್ರ್ಯಾಕ್ಟರ್ ಎಲ್ಲರೂ ಸಾಲುಗಟ್ಟಿ ನಿಂತಿದ್ದಾರೆ.

ಒಂದು ಉದಾಹರಣೆ ಲೆಕ್ಕ ಮಾಡೋಣ. ವರ್ಷಕ್ಕೆ 15,000 ಮೈಲಿ ಓಡಿಸುತ್ತೀರಿ, ಪೆಟ್ರೋಲ್ ವಿ8 ಗ್ಯಾಲನ್‌ಗೆ 20 ಕೊಡುತ್ತದೆ, ಡೀಸೆಲ್ 27 ಕೊಡುತ್ತದೆ ಎಂದುಕೊಳ್ಳಿ. ಪೆಟ್ರೋಲ್ 3.20 ಡಾಲರ್, ಡೀಸೆಲ್ 3.90 ಎಂದು ಇಟ್ಟರೆ, ಮೊದಲನೆಯದಕ್ಕೆ 750 ಗ್ಯಾಲನ್, 2,400 ಡಾಲರ್. ಎರಡನೆಯದಕ್ಕೆ 556 ಗ್ಯಾಲನ್, 2,168 ಡಾಲರ್. ಉಳಿತಾಯ 232 ಡಾಲರ್. ಡೀಸೆಲ್‌ನ ಶೇ. 2ರಿಂದ 3ರಷ್ಟು ಡಿಇಎಫ್ ಬೇಕು. ಅದನ್ನೂ ಕಳೆದರೆ ಕೈಯಲ್ಲಿ ಉಳಿಯುವುದು 200ಕ್ಕೂ ಕಡಿಮೆ. 2020ರಲ್ಲಿ ಈ ಎಂಜಿನ್‌ಗೆ 5.3 ವಿ8ಗಿಂತ 2,495 ಡಾಲರ್ ಹೆಚ್ಚು ಇಟ್ಟಿದ್ದರು. ಬರೀ ಓಡಾಟದಿಂದ ಅದನ್ನು ಗಿಟ್ಟಿಸಲು ಹತ್ತು ವರ್ಷ ದಾಟುತ್ತದೆ. ಅದೇ ಟ್ರೇಲರ್ ಎಳೆಯುವವರ ಲೆಕ್ಕ ನೋಡಿ: ಪೆಟ್ರೋಲ್ 10ಕ್ಕೆ ಇಳಿದು ಡೀಸೆಲ್ 14 ಕೊಟ್ಟರೆ, 4,800 ಡಾಲರ್ ಎದುರು 4,177. ಆರುನೂರಕ್ಕೂ ಮೇಲೆ ಉಳಿಯುತ್ತದೆ, ನಾಲ್ಕೈದು ವರ್ಷಕ್ಕೆ ಅಸಲು ಬಂತು. ನಿಮ್ಮ ಊರಿನ ಬಂಕ್ ದರ ಹಾಕಿ ಇದನ್ನು ಮತ್ತೆ ಮಾಡಿ. ಎರಡು ಇಂಧನಗಳ ನಡುವಿನ ಅಂತರವೇ ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು.

ಇಂಧನದ ಗುಣಮಟ್ಟದಲ್ಲೂ ಒಂದು ತೊಡಕಿದೆ, ಇದನ್ನು ಗಮನಿಸುವವರು ಕಡಿಮೆ. ಅಮೆರಿಕದ ಡೀಸೆಲ್‌ಗೆ ಕನಿಷ್ಠ ಸೀಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಂಕಿ) 40 ಇದ್ದರೆ ಸಾಕು; ಯೂರೋಪ್‌ನಲ್ಲಿ 51 ಬೇಕು. ಜಿಡ್ಡಿನ ಪರೀಕ್ಷೆಯಲ್ಲಿ ಸವೆತದ ಗುರುತು ಅಮೆರಿಕದಲ್ಲಿ 520 ಮೈಕ್ರಾನ್ ತನಕ ಇರಬಹುದು, ಯೂರೋಪ್‌ನಲ್ಲಿ 460. ಹೈ ಪ್ರೆಶರ್ ಪಂಪ್‌ನ ಒಳಗೆ ಡೀಸೆಲ್ಲೇ ಎಣ್ಣೆ. ಜಿಡ್ಡು ಕಡಿಮೆಯಾದರೆ ಪಂಪ್ ತನ್ನನ್ನೇ ಅರೆದುಕೊಂಡು, ಆ ಲೋಹದ ಪುಡಿ ಇಂಧನ ಹಂಚುವ ರೈಲ್ ಕೊಳವೆಯಿಂದ ಇಂಜೆಕ್ಟರ್‌ವರೆಗೆ ಎಲ್ಲವನ್ನೂ ಹಾಳುಮಾಡುತ್ತದೆ. ಸಿಪಿ4 ಎಂಬ ಪಂಪ್ ಅಲ್ಲಿ ಕೆಟ್ಟ ಹೆಸರು ಪಡೆದದ್ದು ಹೀಗೆಯೇ.

ಇದೆಲ್ಲದರ ಮೇಲೆ ಬಂತು 2015ರ ಸೆಪ್ಟೆಂಬರ್ 18. ಫೋಕ್ಸ್‌ವ್ಯಾಗನ್ ಪರೀಕ್ಷೆಯಲ್ಲಿ ಮಾತ್ರ ಹೊಗೆ ಶುದ್ಧಮಾಡುವ ಸಾಫ್ಟ್‌ವೇರ್ ಇಟ್ಟಿದೆ ಎಂದು ಇಪಿಎ ಪ್ರಕಟಿಸಿತು. ಅಲ್ಲಿಂದ ಪ್ರತಿ ಡೀಸೆಲ್‌ನ ಸಾಫ್ಟ್‌ವೇರ್ ಮೇಲೂ ಭೂತಗನ್ನಡಿ. 2017ರ ಜನವರಿಯಲ್ಲಿ ಸುಮಾರು 1,04,000 ಇಕೊಡೀಸೆಲ್ ರ‍್ಯಾಮ್ ಮತ್ತು ಜೀಪ್‌ಗಳ ಬಗ್ಗೆ ಅದೇ ಸಂಸ್ಥೆ ನೋಟಿಸ್ ಕೊಟ್ಟಿತು. 2022ರಲ್ಲಿ ಅವುಗಳನ್ನು ತಯಾರಿಸಿದ ಫಿಯಟ್ ಕ್ರೈಸ್ಲರ್‌ನ ಅಮೆರಿಕ ಅಂಗ ತಪ್ಪೊಪ್ಪಿಕೊಂಡಿತು. ರ‍್ಯಾಮ್‌ನ ಭಾರಿ ಟ್ರಕ್‌ಗಳ ಎಂಜಿನ್‌ಗಳಿಗಾಗಿ ಕಮಿನ್ಸ್ 167.5 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು. ಮಾರಾಟದ ಅಂಕಿ ಚಿಕ್ಕದು, ಅಪಾಯ ಇಷ್ಟು ದೊಡ್ಡದು ಎಂದಾದಾಗ ಹೊಸ ಡೀಸೆಲ್‌ಗೆ ಸಹಿ ಹಾಕಲು ಯಾವ ಕಂಪನಿಯ ಕೈಯೂ ಮುಂದೆ ಬರುವುದಿಲ್ಲ. ಫೋರ್ಡ್ ವಿಷಯ ನೋಡಿ: ಎಫ್-150ರಿಂದ ತೆಗೆದ 3.0 ವಿ6 ಡೀಸೆಲ್‌ನ ಕುಟುಂಬದ್ದೇ ಎಂಜಿನ್ ಹೊರದೇಶಗಳ ರೇಂಜರ್‌ನಲ್ಲಿ ಓಡುತ್ತಿದೆ. ಅಮೆರಿಕದ ರೇಂಜರ್‌ಗೆ ಪೆಟ್ರೋಲ್ ಮಾತ್ರ.

ಡ್ಯುರಾಮ್ಯಾಕ್ಸ್‌ನ ದಿನನಿತ್ಯದ ಬಾಳಿಕೆಗೆ ಮರಳೋಣ. ಡಿಪಿಎಫ್ ತುಂಬಿದಾಗ ಎಂಜಿನ್ ತಾನಾಗಿ ಹೆಚ್ಚುವರಿ ಇಂಧನ ಚಿಮ್ಮಿಸಿ ಫಿಲ್ಟರ್ ಅನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ಬಿಡುವಿಲ್ಲದ ಹೈವೇ ಓಟ ಬೇಕು. ಐದು ನಿಮಿಷ ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಸುಡುವ ಕೆಲಸ ಪ್ರತಿಸಲ ಅರ್ಧಕ್ಕೇ ನಿಂತು, ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಣ್ಣೆಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಮಟ್ಟ ಏರುತ್ತ ಹೋದರೆ ಸಂತೋಷಪಡಬೇಡಿ; ಎಣ್ಣೆ ತೆಳುವಾಗಿದೆ, ತಕ್ಷಣ ಬದಲಿಸಬೇಕು.

ಡಿಇಎಫ್‌ಗೆ ನೀಲಿ ಮುಚ್ಚಳ. ಡಬ್ಬದ ಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಗುರುತು ಮತ್ತು ತಯಾರಿಕೆಯ ತಾರೀಖು ನೋಡಿ ಕೊಳ್ಳಿ. 30 ಡಿಗ್ರಿ ಒಳಗೆ ಇಟ್ಟರೆ ವರ್ಷ ಬಾಳುತ್ತದೆ, ಬಿಸಿಲಿಗೆ ಬಿಟ್ಟರೆ ಬೇಗ ಕೆಡುತ್ತದೆ. ತಪ್ಪಿ ಡೀಸೆಲ್ ಟ್ಯಾಂಕ್‌ಗೆ ಡಿಇಎಫ್ ಸುರಿದರೆ ಕೀಲಿಯನ್ನೂ ತಿರುಗಿಸಬೇಡಿ, ಟೋ ಮಾಡಿಸಿ ಟ್ಯಾಂಕ್ ಖಾಲಿ ಮಾಡಿಸಿ. ಇನ್ನೊಂದು ಅಪಾಯ: ಡೀಸೆಲ್ ನಳಿಗೆ ದಪ್ಪ, ಪೆಟ್ರೋಲ್ ನಳಿಗೆ ಸಣ್ಣ. ಆದ್ದರಿಂದ ಪೆಟ್ರೋಲ್ ನಳಿಗೆ ಡೀಸೆಲ್ ಟ್ರಕ್‌ನ ಬಾಯಿಗೆ ಸಲೀಸಾಗಿ ಇಳಿಯುತ್ತದೆ. ಬಣ್ಣ ನಂಬಬೇಡಿ, ಪಂಪ್ ಮೇಲಿನ ಅಕ್ಷರ ಓದಿ. ಹಸಿರು ಹಿಡಿ ಎಲ್ಲ ಕಡೆ ಡೀಸೆಲ್ ಅಲ್ಲ.

ಸೆಕೆಂಡ್‌ಹ್ಯಾಂಡ್ ಹುಡುಕುವವರಿಗೆ. ಕೊಲರಾಡೊ 2.8 ನಮ್ಮ ಮೆಚ್ಚಿನದು: 181 ಅಶ್ವಶಕ್ತಿ, 369 ಪೌಂಡ್-ಅಡಿ, 7,700 ಪೌಂಡ್ ಎಳೆತ, 2016ರ ಟೂ-ವೀಲ್ ಡ್ರೈವ್‌ಗೆ ಹೈವೇಯಲ್ಲಿ 31 ಮೈಲಿ. ಟೈಮಿಂಗ್ ಬೆಲ್ಟ್ 1,50,000 ಮೈಲಿಗೆ. ಇದರದ್ದು ಮುಂಭಾಗದಲ್ಲಿರುವುದರಿಂದ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಮೊದಲ ತಲೆಮಾರಿನ ಇಕೊಡೀಸೆಲ್‌ನಿಂದ ದೂರವಿರುವುದೇ ವಾಸಿ: ಕ್ರ್ಯಾಂಕ್ ಬೇರಿಂಗ್ ಹೋಗುವ ದೂರುಗಳು ಬಹಳ, ಎಣ್ಣೆಯ ಶಿಫಾರಸನ್ನು 5ಡಬ್ಲ್ಯೂ-30ರಿಂದ 5ಡಬ್ಲ್ಯೂ-40ಕ್ಕೆ ಬದಲಿಸಿದರು, ಇಜಿಆರ್ ಕೂಲರ್ ಬಿರುಕು ಬಿಟ್ಟು ಬೆಂಕಿ ಹತ್ತುವ ಅಪಾಯಕ್ಕಾಗಿ 2019ರಲ್ಲಿ ಲಕ್ಷಕ್ಕೂ ಹೆಚ್ಚು ಟ್ರಕ್‌ಗಳ ರಿಕಾಲ್ ಆಯಿತು. 2020ರ ನಂತರದ ಇಕೊಡೀಸೆಲ್ 260 ಅಶ್ವಶಕ್ತಿ, 480 ಪೌಂಡ್-ಅಡಿಯದ್ದು, ಎಷ್ಟೋ ಮೇಲು; 33 ಗ್ಯಾಲನ್ ಟ್ಯಾಂಕ್ ಇದ್ದರೆ ಒಂದು ಸಲ ತುಂಬಿಸಿ ಹೈವೇಯಲ್ಲಿ ಸಾವಿರ ಮೈಲಿ ಹೋಗಬಹುದು. ಆದರೆ ನಿಂತುಹೋದ ಎಂಜಿನ್ ಆದ್ದರಿಂದ ಮುಂದೆ ಬಿಡಿಭಾಗ ಹುಡುಕುವ ತಲೆನೋವು ಲೆಕ್ಕಕ್ಕೆ ಇರಲಿ. ಎಫ್-150 ಪವರ್ ಸ್ಟ್ರೋಕ್‌ಗೂ ಇದೇ ಮಾತು.

ಇಂಧನ ಉಳಿಸುವುದೇ ಗುರಿ, ಎಳೆಯುವ ಭಾರವೇನೂ ಇಲ್ಲ ಎಂದಾದರೆ ಡೀಸೆಲ್ ಬಿಟ್ಟುಬಿಡಿ. ಫೋರ್ಡ್ ಮ್ಯಾವರಿಕ್ ಹೈಬ್ರಿಡ್ 2022ರಲ್ಲಿ ಒಟ್ಟಾರೆ 37 ಮೈಲಿಯ ಅಂಕಿಯೊಂದಿಗೆ ಬಂತು, ಯೂರಿಯಾ ಬೇಡ, ಮಸಿ ಫಿಲ್ಟರ್ ಬೇಡ. ಚಿಕ್ಕ ಡೀಸೆಲ್ ಪಿಕಪ್ ಮತ್ತೆ ಬರುವ ಬಾಗಿಲನ್ನು ಬಹುಶಃ ಅದೇ ಮುಚ್ಚಿತು.

ಯಾವ ಹಳೆಯ ಡೀಸೆಲ್ ನೋಡಲು ಹೋದರೂ ಮೊದಲು 17 ಅಂಕಿ-ಅಕ್ಷರಗಳ ವಿಐಎನ್ ಹಾಕಿ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಬಾಕಿ ರಿಕಾಲ್ ನೋಡಿ. ನೀವು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿಡಿ. ಹೋದ ಮೇಲೆ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಸ್ಕ್ಯಾನರ್ ಜೋಡಿಸಿ ಮಸಿಯ ಪ್ರಮಾಣ ಓದಿ. ಪಿ20ಇಇ ಕೋಡ್ ಇದ್ದರೆ ಎಸ್‌ಸಿಆರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಪಿ2463 ಇದ್ದರೆ ಡಿಪಿಎಫ್ ತುಂಬಿಕೊಂಡಿದೆ. ಕೂಲಂಟ್ ಕಡಿಮೆಯಾಗಿದ್ದು ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಇಜಿಆರ್ ಕೂಲರ್ ಮೇಲೆ ಅನುಮಾನ ಇರಲಿ. ಫಿಲ್ಟರ್ ಕಿತ್ತುಹಾಕಿದ ಟ್ರಕ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ನಿಯಂತ್ರಣ ತೆಗೆದಿದ್ದಾರೆ ಎಂದು ಇಪಿಎ 2020ರಲ್ಲಿ ಅಂದಾಜು ಮಾಡಿತ್ತು. ಅದು ಕಾನೂನುಬಾಹಿರ, ಹೊಗೆ ತಪಾಸಣೆ ಇರುವ ರಾಜ್ಯದಲ್ಲಿ ನೋಂದಣಿಯೇ ಕಷ್ಟ, ಮತ್ತೆ ಜೋಡಿಸಲು ಸಾವಿರಾರು ಡಾಲರ್ ಬೇಕು. ಇದನ್ನು ಪತ್ತೆಮಾಡಲು ಸ್ಕ್ಯಾನರ್ ಕೂಡ ಬೇಡ. ಒಂದು ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ತಣ್ಣಗಿರುವ ಸೈಲೆನ್ಸರ್ ಬಾಯಿಯ ಒಳಗೋಡೆಯ ಮೇಲೆ ಒಮ್ಮೆ ಎಳೆಯಿರಿ. ಡಿಪಿಎಫ್ ಸರಿಯಿದ್ದರೆ ಬಟ್ಟೆಗೆ ಧೂಳು ಹತ್ತುತ್ತದೆ ಅಷ್ಟೇ. ಕಾಡಿಗೆಯಂಥ ಕಪ್ಪು ಹತ್ತಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಅಲ್ಲಿ ಫಿಲ್ಟರೇ ಇಲ್ಲ.